ಹಬ್ಬದ ದಿನ ಏಳನೇ ರೌಂಡ್

ಚೆಸ್ ಟೂರ್ನಿ ನಡೆಸುವವರ ಮೇಜಿನ ಮೇಲೆ ಒಂದು ಪಂಚಾಂಗ ಇದ್ದೇ ಇರುತ್ತದೆ. ಊರೆಲ್ಲ ಬಾಗಿಲಿಗೆ ತೋರಣ ಕಟ್ಟುವ ದಿನ ಯಾವುದೆಂದು ನೋಡಿಕೊಂಡು, ಸರಿಯಾಗಿ ಆ ದಿನಕ್ಕೇ ಎರಡು ರೌಂಡ್ ಇಡುತ್ತಾರೆ. ದಸರೆಗೆ ಒಂದು ಟೂರ್ನಿ, ದೀಪಾವಳಿಗೆ ಒಂದು, ಕ್ರಿಸ್‌ಮಸ್ಸಿಗೆ ಮತ್ತೊಂದು. ಆಟಗಾರರ ಮನೆಯವರಿಗೆ ಇದು ಬೇಕೆಂದೇ ಮಾಡಿದ ಕಿತಾಪತಿಯಾಗಿ ಕಾಣುತ್ತದೆ. ‘ಹಬ್ಬ ಬಿಟ್ಟು ಬೇರೆ ದಿನ ಸಿಗಲಿಲ್ವಾ ಅವರಿಗೆ?’ ಎಂಬ ಮಾತು ಕೇಳಿಸಿಕೊಳ್ಳದೆ ಬ್ಯಾಗು ಹೆಗಲಿಗೇರಿಸಿದ ಹವ್ಯಾಸಿ ಆಟಗಾರ ನನಗೆ ಗೊತ್ತಿರುವವರಲ್ಲಿ ಒಬ್ಬನೂ ಇಲ್ಲ.

ನಿಜ ಹೇಳಬೇಕೆಂದರೆ, ಸಿಗಲಿಲ್ಲ. ಕ್ಲಾಸಿಕಲ್ ಟೂರ್ನಿ ಎಂದರೆ ಸಾಮಾನ್ಯವಾಗಿ ಒಂಬತ್ತು ರೌಂಡ್. ಒಬ್ಬೊಬ್ಬರಿಗೆ 90 ನಿಮಿಷ, ಜೊತೆಗೆ ಮೊದಲ ನಡೆಯಿಂದಲೇ ಪ್ರತಿ ನಡೆಗೆ 30 ಸೆಕೆಂಡ್ ಇನ್‌ಕ್ರಿಮೆಂಟ್. ಆಟ 60 ನಡೆಯವರೆಗೆ ಎಳೆದರೆ ಇಬ್ಬರದೂ ಸೇರಿ ನಾಲ್ಕು ಗಂಟೆ. ದಿನಕ್ಕೆ ಎರಡು ರೌಂಡ್ ಆಡಿಸಿದರೂ ಐದು ದಿನ ಬೇಕು, ಅದೂ ಒಂದರ ಹಿಂದೆ ಒಂದು. ಬ್ಯಾಂಕಿನ ಕೌಂಟರಿನಲ್ಲಿ ಕೂರುವವರು, ಹೈಸ್ಕೂಲಿನಲ್ಲಿ ಗಣಿತ ಹೇಳುವವರು, ಮೆಡಿಕಲ್ ಶಾಪ್ ನಡೆಸುವವರು, ಪಾಳಿಯ ಮೇಲೆ ಕೆಲಸ ಮಾಡುವ ಸಾಫ್ಟ್‌ವೇರ್ ಹುಡುಗರು, ಇವರೆಲ್ಲರಿಗೂ ಒಟ್ಟಿಗೆ ಬಿಡುವಾಗುವುದು ಹಬ್ಬದ ಸುತ್ತಮುತ್ತ ಮಾತ್ರ. ಎರಡು ರಜೆಗಳ ನಡುವೆ ಒಂದು ಸಿಎಲ್ ಹಾಕಿದರೆ ಐದು ದಿನ ಕೂಡಿ ಬರುತ್ತದೆ.

ಜಾಗದ ಲೆಕ್ಕವೂ ಇದೆ. ಇನ್ನೂರು ಮುನ್ನೂರು ಜನ ಎದುರುಬದುರಾಗಿ ಕೂರುವಷ್ಟು ದೊಡ್ಡ ಹಾಲ್, ಟೇಬಲ್ಲು, ಕುರ್ಚಿ, ಊಟದ ಮನೆ, ಜನರೇಟರು, ಇದೆಲ್ಲ ಒಂದೇ ಸೂರಿನಡಿ ಇರುವುದು ಕಲ್ಯಾಣ ಮಂಟಪದಲ್ಲಿ. ತುಳಸಿ ಹಬ್ಬ ಕಳೆದು ಮುಹೂರ್ತಗಳು ಶುರುವಾಗುವವರೆಗೆ ಎಷ್ಟೋ ಮಂಟಪಗಳು ಖಾಲಿ ಹೊಡೆಯುತ್ತಿರುತ್ತವೆ, ಬಾಡಿಗೆ ಚೌಕಾಸಿಗೆ ಬಗ್ಗುತ್ತದೆ. ಹಾಗಾಗಿ ವಧೂವರರು ಕೂರಬೇಕಾದ ವೇದಿಕೆಯ ಮೇಲೆ ಟಾಪ್ ಬೋರ್ಡುಗಳು, ಬೀಗರು ಕೂರಬೇಕಾದ ಕಡೆ ನಾವು. ನನ್ನಂಥವರ ಬೋರ್ಡು ಸಾಮಾನ್ಯವಾಗಿ ಕೈ ತೊಳೆಯುವ ಜಾಗದ ಹತ್ತಿರ ಬೀಳುತ್ತದೆ.

ಹಬ್ಬಕ್ಕೂ ಚೆಸ್ಸಿಗೂ ಇರುವ ಈ ನಂಟು ನಮ್ಮವರು ಹೊಸದಾಗಿ ಕಟ್ಟಿದ್ದೇನಲ್ಲ. ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಹೇಸ್ಟಿಂಗ್ಸ್ ಎಂಬ ಊರಿದೆ. 1895ರ ಆಗಸ್ಟಿನಲ್ಲಿ ಅಲ್ಲಿ 22 ಜನರ ದೊಡ್ಡ ಟೂರ್ನಿ ನಡೆಯಿತು. ಲಾಸ್ಕರ್, ಸ್ಟೈನಿಟ್ಸ್, ಚಿಗೋರಿನ್, ತರಾಶ್ ಮುಂತಾದ ಘಟಾನುಘಟಿಗಳೆಲ್ಲ ಬಂದಿದ್ದರು. ಗೆದ್ದವನು ಪಿಲ್ಸ್‌ಬರಿ ಎಂಬ 22 ವರ್ಷದ ಅಮೆರಿಕನ್ ಹುಡುಗ. ಎಲ್ಲರೂ ಎಲ್ಲರೊಂದಿಗೂ ಆಡಬೇಕಿತ್ತು, ಅಂದರೆ 21 ರೌಂಡ್, ಹತ್ತಿರ ಹತ್ತಿರ ಒಂದು ತಿಂಗಳು. ಸಂಬಳಕ್ಕೆ ದುಡಿಯುವವನು ಕನಸಿನಲ್ಲೂ ಆಡಲಾಗದ ಟೂರ್ನಿ ಅದು.

ಅದೇ 1895ರಲ್ಲಿ ಜ್ಯೂರಿಕ್‌ನಲ್ಲಿ ಇನ್ನೊಂದು ಸಂಗತಿ ನಡೆಯಿತು. ಅದಕ್ಕೆ ಅಷ್ಟು ಸದ್ದು ಇರಲಿಲ್ಲ. ಜ್ಯೂಲಿಯಸ್ ಮ್ಯುಲರ್ ಎಂಬಾತ ರೂಪಿಸಿದ ಹೊಸ ಪದ್ಧತಿಯಲ್ಲಿ ಅಲ್ಲೊಂದು ಟೂರ್ನಿ ಆಡಿದರು. ಯಾರೂ ಹೊರಬೀಳುವುದಿಲ್ಲ, ಪ್ರತಿ ರೌಂಡಿನ ನಂತರ ಒಂದೇ ಅಂಕ ಇರುವವರನ್ನು ಒಬ್ಬರಿಗೊಬ್ಬರು ಎದುರು ಹಾಕುತ್ತಾರೆ, ಒಮ್ಮೆ ಆಡಿದವರು ಮತ್ತೆ ಎದುರಾಗುವುದಿಲ್ಲ. ಮುನ್ನೂರು ಜನರಿದ್ದರೂ ಒಂಬತ್ತು ರೌಂಡಿನಲ್ಲಿ ವಿಜೇತ ಯಾರೆಂದು ಗೊತ್ತಾಗುತ್ತದೆ. ಇಂದು ನಾವು ಬಾಯಿಪಾಠವಾಗಿ ‘ಸ್ವಿಸ್’ ಎನ್ನುವುದು ಇದನ್ನೇ. ನನ್ನ ಮಟ್ಟಿಗೆ ಆ ವರ್ಷದ ದೊಡ್ಡ ಘಟನೆ ಪಿಲ್ಸ್‌ಬರಿಯ ಗೆಲುವಲ್ಲ, ಮ್ಯುಲರನ ಜೋಡಿ ಹಾಕುವ ಲೆಕ್ಕ. ತಿಂಗಳುಗಟ್ಟಲೆಯ ಆಟವನ್ನು ಅದು ಗುಮಾಸ್ತನ ರಜೆಯೊಳಕ್ಕೆ ಹಿಡಿಸಿತು. ಸೋತವನಿಗೂ ಮರುದಿನ ತನ್ನ ಸರಿಸಮಾನನೊಬ್ಬ ಎದುರಿಗೆ ಕೂತಿರುತ್ತಾನೆ ಎಂಬ ಭರವಸೆ ಕೊಟ್ಟಿತು. ಕೊನೆಯ ದಿನ 250ನೇ ಸ್ಥಾನಕ್ಕೆ ಇಬ್ಬರು ಬೆವರು ಸುರಿಸಿ ಹೊಡೆದಾಡುವ ದೃಶ್ಯ ಬೇರೆ ಯಾವ ಆಟದಲ್ಲಿದೆ?

ಹೇಸ್ಟಿಂಗ್ಸ್ ಊರಿನವರು 1920-21ರಿಂದ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಸುತ್ತಮುತ್ತಲಿನ ದಿನಗಳಿಗೆ ಚೆಸ್ ಕೂಟ ಕಟ್ಟಿಕೊಂಡರು. ಮೇಲಿನ ಗುಂಪಿನಲ್ಲಿ ವಿಶ್ವ ಚಾಂಪಿಯನ್ನರು ಆಡಿದ್ದಾರೆ, ಕೆಳಗಿನ ಗುಂಪುಗಳಲ್ಲಿ ಕ್ಲಬ್ ಆಟಗಾರರು. 1930-31ರಲ್ಲಿ ಅಲ್ಲಿ ಪಂಜಾಬಿನ ಮೀರ್ ಸುಲ್ತಾನ್ ಖಾನ್ ಮಾಜಿ ವಿಶ್ವ ಚಾಂಪಿಯನ್ ಕಾಪಬ್ಲಾಂಕಾರನ್ನೇ ಸೋಲಿಸಿದರು. ಸರ್ ಉಮರ್ ಹಯಾತ್ ಖಾನ್ ಅವರ ಪರಿವಾರದ ಜೊತೆ ಹಡಗು ಹತ್ತಿದ್ದ ಸುಲ್ತಾನ್ ಖಾನ್ ಮೊದಲು ಕಲಿತದ್ದು ನಮ್ಮ ಹಳೆಯ ನಿಯಮದ ಚದುರಂಗ. ಇಂಗ್ಲೆಂಡಿನ ಚಳಿ ಅವರಿಗೆ ಕೊನೆಯವರೆಗೂ ಒಗ್ಗಲಿಲ್ಲ. ಕ್ರಿಸ್‌ಮಸ್ ಅವರ ಹಬ್ಬವೂ ಅಲ್ಲ, ಆ ಊರು ಅವರ ಊರೂ ಅಲ್ಲ. ವಿಶ್ವ ಚೆಸ್ ಸಂಸ್ಥೆ ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಕೊಟ್ಟದ್ದು 2024ರಲ್ಲಿ, ಅವರು ತೀರಿಕೊಂಡು ಅರ್ಧ ಶತಮಾನ ಕಳೆದ ಮೇಲೆ.

ನೆದರ್ಲೆಂಡ್ಸಿನ ವೈಕ್ ಆನ್ ಝೇ ಎಂಬ ಊರಿನ ಟೂರ್ನಿಯ ಕಥೆ ಇನ್ನೂ ಸೊಗಸಾಗಿದೆ. ಉಕ್ಕಿನ ಕಾರ್ಖಾನೆಯೊಂದರ ಆಸರೆಯಲ್ಲಿ 1938ರಲ್ಲಿ ಪಕ್ಕದ ಬೆವರ್‌ವೈಕ್‌ನಲ್ಲಿ ಸಣ್ಣದಾಗಿ ಶುರುವಾದ ಕೂಟ ಅದು. ವಿಶ್ವನಾಥನ್ ಆನಂದ್ ಐದು ಸಲ ಗೆದ್ದ ಟೂರ್ನಿ ಎಂದರೆ ನಮ್ಮ ಓದುಗರಿಗೆ ಗೊತ್ತಾದೀತು. ಅಲ್ಲಿ ಹವ್ಯಾಸಿಗಳು ವರ್ಷದ ರಜೆ ಉಳಿಸಿಟ್ಟುಕೊಂಡು ಜನವರಿಯಲ್ಲಿ ಬಂದು, ಗ್ರ್ಯಾಂಡ್‌ಮಾಸ್ಟರುಗಳು ಆಡುವ ಅದೇ ಹಾಲಿನಲ್ಲಿ ಆಡುತ್ತಾರೆ. ಅಲ್ಲಿ ಬಟಾಣಿ ಸೂಪ್ ಬಡಿಸುವ ಸಂಪ್ರದಾಯ ಎರಡನೇ ಮಹಾಯುದ್ಧ ಮುಗಿದ ಹೊತ್ತಿನ ಅಭಾವದಿಂದ ಬಂದದ್ದು, ಇಂದಿಗೂ ಬಿಟ್ಟಿಲ್ಲ. ನಮ್ಮ ಟೂರ್ನಿಗಳಲ್ಲಿ ಆ ಜಾಗದಲ್ಲಿ ಚಿತ್ರಾನ್ನ ಇದೆ.

ಮಂಟಪಕ್ಕೆ ಬರೋಣ. ರೌಂಡಿಗೆ ಮೊದಲು ಮೊಬೈಲ್ ಒಪ್ಪಿಸುವ ಸಾಲು. ಫೋನು ಆಫ್ ಮಾಡಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಟೋಕನ್ ತೆಗೆದುಕೊಳ್ಳಬೇಕು. ಒಳಗೆ ಜೇಬಿನಲ್ಲಿ ಸಿಕ್ಕಿದರೆ ಆಟ ಸೋತ ಹಾಗೆಯೇ. 2003ರಲ್ಲಿ ಬಲ್ಗೇರಿಯಾದ ಪ್ಲೋವ್‌ದಿವ್‌ನಲ್ಲಿ ಯುರೋಪಿಯನ್ ತಂಡ ಚಾಂಪಿಯನ್‌ಷಿಪ್ ನಡೆಯುತ್ತಿದ್ದಾಗ ಉಕ್ರೇನಿನ ಪೊನೊಮರಿಯೊವ್ ಅವರ ಫೋನು ಆಟದ ನಡುವೆ ರಿಂಗಣಿಸಿ, ಆ ಆಟವನ್ನು ಎದುರಾಳಿಗೆ ಬಿಟ್ಟುಕೊಡಬೇಕಾಯಿತು. ಅವತ್ತು ಅವರ ಇಪ್ಪತ್ತನೇ ಹುಟ್ಟುಹಬ್ಬ. ಹೀಗೆ ವಿಶೇಷ ದಿನಗಳಂದೇ ಫೋನು ಹೆಚ್ಚು ಬಡಿದುಕೊಳ್ಳುತ್ತದೆ. ದೀಪಾವಳಿಯ ದಿನ ನಾಲ್ಕು ಗಂಟೆ ಸಿಗದೇ ಹೋದವನು ಹೊರಗೆ ಬಂದು ಫೋನು ಆನ್ ಮಾಡಿದಾಗ ಶುಭಾಶಯದ ಜೊತೆ ಮಿಸ್ಡ್ ಕಾಲ್‌ಗಳೂ ಸಾಲುಗಟ್ಟಿರುತ್ತವೆ. ಸೋತು ಬಂದ ಹೊತ್ತಿನಲ್ಲಿ ದೊಡ್ಡಪ್ಪನಿಗೆ ಏನು ಉತ್ತರ ಕೊಡುವುದು?

ಒಳಗಿನ ವಿಚಿತ್ರ ಏನೆಂದರೆ, ಮನೆಯವರನ್ನು ಬಿಟ್ಟು ಬಂದವರು ನಾವು ದೊಡ್ಡವರು ಮಾತ್ರ. ಆಟಗಾರರಲ್ಲಿ ಹೆಚ್ಚಿನವರು ಮಕ್ಕಳು, ಅವರ ಜೊತೆ ಇಡೀ ಸಂಸಾರವೇ ಬಂದಿರುತ್ತದೆ. ಹಬ್ಬವನ್ನು ಮನೆಯಲ್ಲಿ ಬಿಡದೆ ಡಬ್ಬಿಯಲ್ಲಿ ತುಂಬಿಕೊಂಡು ಬರುತ್ತಾರೆ. ಮಂಟಪದ ಮೊಗಸಾಲೆಯಲ್ಲಿ ಚಾಪೆ ಹಾಸಿ, ಚಕ್ಕುಲಿ, ರವೆ ಉಂಡೆ, ಕರ್ಜಿಕಾಯಿ ಹರವಿಕೊಂಡು ಕೂತ ಅಜ್ಜಿಯಂದಿರ ಕಣ್ಣು ಹಾಲಿನ ಬಾಗಿಲ ಮೇಲೆ. ಹುಡುಗ ಹೊರಬಂದಾಗ ಮುಖ ನೋಡಿದರೆ ಸಾಕು, ಯಾರೂ ಫಲಿತಾಂಶ ಕೇಳುವುದಿಲ್ಲ. ಅಪ್ಪಂದಿರು ಮಾತ್ರ ಕೇಳುತ್ತಾರೆ, ಕೆಲವರು ಆ ಕೂಡಲೇ ಬೈಯುತ್ತಾರೆ. ಅದನ್ನು ನೋಡಿದಾಗೆಲ್ಲ, ನನ್ನ ಸೋಲು ಕೇಳಲು ಯಾರೂ ಬಂದಿಲ್ಲವಲ್ಲ ಎಂದು ನನಗೆ ನೆಮ್ಮದಿಯಾಗುತ್ತದೆ.

ಇನ್ನೊಂದು ಸಂಗತಿ ಬರೆಯದೆ ಬಿಡಲಾಗದು. ಆ ಚಾಪೆಗಳ ಮೇಲೆ ಕೂತ ತಾಯಂದಿರಲ್ಲಿ ಕಾಲೇಜು ತಂಡಕ್ಕೆ ಆಡಿದವರು ಇದ್ದಾರೆ. ಮಗ ತಂದು ತೋರಿಸಿದ ಸ್ಕೋರ್‌ಶೀಟಿನಲ್ಲಿ ತಪ್ಪು ನಡೆಯನ್ನು ಹಲಗೆಯಿಲ್ಲದೆಯೇ ಹೇಳಬಲ್ಲವರು. ಮೂವತ್ತು ದಾಟಿದ ಗಂಡಸರು ಸಾಲುಸಾಲಾಗಿ ಬೋರ್ಡುಗಳ ಮುಂದೆ ಕೂತಿರುತ್ತಾರೆ, ಆ ವಯಸ್ಸಿನ ಹೆಂಗಸರನ್ನು ಬೆರಳಲ್ಲಿ ಎಣಿಸಬಹುದು. ಹಬ್ಬದ ದಿನ ಗಂಡಸು ಬ್ಯಾಗು ಹಿಡಿದು ಹೊರಟರೆ ಅದು ಹುಚ್ಚು; ನಗಾಡಿ ಬಿಡುತ್ತಾರೆ. ಅದೇ ಹುಚ್ಚು ಹೆಂಗಸಿಗಿದ್ದರೆ ಹೋಳಿಗೆ ತಟ್ಟುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ಸಂಘಟಕರು ರಜೆ ನೋಡಿ ದಿನ ಇಡುತ್ತಾರೆ, ಆ ರಜೆ ಮನೆಯಲ್ಲಿ ಯಾರಿಗೆ ರಜೆ ಎಂದು ನೋಡುವುದಿಲ್ಲ. ಮಹಿಳೆಯರಿಗೆ ವಿಶೇಷ ಬಹುಮಾನ ಇಟ್ಟರೆ ಕೆಲಸ ಮುಗಿಯಿತೆಂದು ತಿಳಿದವರು ಈ ಲೆಕ್ಕವನ್ನೂ ಒಮ್ಮೆ ಹಾಕಬೇಕು. ಹಬ್ಬಗಳಿಲ್ಲದ ಪಿತೃಪಕ್ಷದಲ್ಲಿ ಮಂಟಪ ಇನ್ನೂ ಅಗ್ಗಕ್ಕೆ ಸಿಗುತ್ತದೆ. ಗಾಂಧಿ ಜಯಂತಿಯ ರಜೆಯೂ ಕೆಲವು ವರ್ಷ ಅದರೊಳಗೇ ಬೀಳುತ್ತದೆ.

ನರಕ ಚತುರ್ದಶಿಯ ಬೆಳಗ್ಗೆ ಲಾಡ್ಜಿನ ಬಕೆಟ್ಟಿನ ಬಿಸಿನೀರಿನಲ್ಲಿ ಎಣ್ಣೆಸ್ನಾನ ಮಾಡಿ ಬರುವ ನಿಷ್ಠಾವಂತರಿದ್ದಾರೆ. ಅವರ ಎದುರು ಕೂತರೆ ಸೀಗೆಪುಡಿಯ ವಾಸನೆ. ಎಣ್ಣೆಸ್ನಾನದ ನಂತರ ಬರುವ ನಿದ್ದೆ ಎಂಥದ್ದೆಂದು ಗೊತ್ತಿರುವವರು ಎದುರಾಳಿಯನ್ನು ನಿಧಾನದ ಸ್ಥಿತಿಗೆ ಎಳೆಯುತ್ತಾರೆ, ಇದು ಪುಸ್ತಕದಲ್ಲಿ ಸಿಗದ ಓಪನಿಂಗ್ ತಯಾರಿ. ಸಂಜೆಯ ರೌಂಡಿನ ಹೊತ್ತಿಗೆ ಹೊರಗೆ ಸರಪಟಾಕಿ. ಹಾಲಿನಲ್ಲಿ ಯಾರಾದರೂ ಪಿಸುಗುಟ್ಟಿದರೆ ಬಂದು ನಿಲ್ಲುವ ಆರ್ಬಿಟರ್ ಪಟಾಕಿಗೆ ಏನೂ ಮಾಡಲಾರರು. ಮೊದಲ ದಿನ ಒಂದೊಂದು ಸದ್ದಿಗೂ ಹುಡುಗರು ಬಾಗಿಲ ಕಡೆ ತಿರುಗುತ್ತಾರೆ. ಮೂರನೇ ದಿನಕ್ಕೆ ಕಿವಿಯ ಪಕ್ಕದಲ್ಲೇ ಸಿಡಿದಂತಾದರೂ ಯಾರ ತಲೆಯೂ ಏಳುವುದಿಲ್ಲ.

ಬಲಿಪಾಡ್ಯಮಿಯ ದಿನ ಏಳನೇ ರೌಂಡಿನಲ್ಲಿ ಪಕ್ಕದ ಬೋರ್ಡಿನಲ್ಲಿ ಕಂಡ ಒಂದು ಆಟ ಹೇಳುತ್ತೇನೆ. ಕಪ್ಪು ಕಾಯಿಗಳ ಹಿಂದೆ ಅಂಚೆ ಇಲಾಖೆಯಿಂದ ನಿವೃತ್ತರಾದ ಒಬ್ಬರು, ಬಿಳಿಯ ಹಿಂದೆ ಹತ್ತು ವರ್ಷದ ಹುಡುಗಿ, ಕುರ್ಚಿಯ ಮೇಲೆ ಮೊಣಕಾಲೂರಿ ಕೂತಿದ್ದಾಳೆ. ಹಿರಿಯರ ರೇಟಿಂಗ್ 1700ರ ಆಸುಪಾಸು, ಹುಡುಗಿಯದು ಅದಕ್ಕಿಂತ ಇನ್ನೂರು ಕಡಿಮೆ. ನಾಲ್ಕನೇ ಗಂಟೆಯಲ್ಲಿ ಉಳಿದದ್ದು ಇಬ್ಬರಿಗೂ ಒಂದೊಂದು ಆನೆ, ಹುಡುಗಿಗೆ ಹೆಚ್ಚಿಗೆ ಒಂದು ಕಾಲಾಳು. ಹಿರಿಯರ ರಾಜ ಆ ಕಾಲಾಳು ಮಂತ್ರಿಯಾಗಬೇಕಾದ ಮನೆಯಲ್ಲೇ ನಿಂತಿದ್ದಾನೆ. ಗಡಿಯಾರದಲ್ಲಿ ಅವರಿಗೆ ಒಂದು ನಿಮಿಷವೂ ಇಲ್ಲ, ನಡೆಗೊಮ್ಮೆ ಸಿಗುವ ಆ 30 ಸೆಕೆಂಡಿನಲ್ಲೇ ಯೋಚಿಸಬೇಕು, ಅದರಲ್ಲೇ ನಡೆಯನ್ನು ಬರೆದುಕೊಳ್ಳಲೂ ಬೇಕು.

ಇಂಥ ಸ್ಥಿತಿಗೆ ಮದ್ದು 1777ರಿಂದಲೂ ಇದೆ. ಫಿಲಿಡೋರ್ ಎಂಬ ಫ್ರೆಂಚ್ ಸಂಗೀತಗಾರ, ಒಪೆರಾಗಳಿಗೆ ಸಂಗೀತ ಕೂಡಿಸುತ್ತಿದ್ದವನು, ಬರೆದಿಟ್ಟು ಹೋಗಿದ್ದಾನೆ. ಆನೆಯನ್ನು ನಿಮ್ಮ ಕಡೆಯಿಂದ ಮೂರನೇ ಸಾಲಿನಲ್ಲಿ ನಿಲ್ಲಿಸಿ. ಎದುರಾಳಿಯ ರಾಜ ಆ ಸಾಲಿಗೆ ಕಾಲಿಡಲಾರ. ಅವಸರ ಬೇಡ, ಅದೇ ಸಾಲಿನಲ್ಲಿ ಅತ್ತಿತ್ತ ಓಡಾಡಿಸುತ್ತಿರಿ. ಬೇರೆ ದಾರಿ ಕಾಣದೆ ಎದುರಾಳಿ ಕಾಲಾಳನ್ನೇ ಆ ಸಾಲಿಗೆ ನೂಕಿದ ಕ್ಷಣ, ಆನೆಯನ್ನು ಹಲಗೆಯ ಆಚೆ ತುದಿಗೆ ಒಯ್ದು ಹಿಂದಿನಿಂದ ಚೆಕ್ ಕೊಡಲು ಶುರು ಮಾಡಿ. ಕಾಲಾಳು ಮುಂದೆ ಹೋಗಿಬಿಟ್ಟಿರುವುದರಿಂದ ಆ ರಾಜನಿಗೆ ಅಡಗಲು ಮರೆಯಿಲ್ಲ. ಓದಲು ಇಷ್ಟೇ. ಆದರೆ ನಾಲ್ಕನೇ ಗಂಟೆಯಲ್ಲಿ, ಏಳು ರೌಂಡಿನ ಆಯಾಸ ಮೈಮೇಲಿದ್ದಾಗ, ಮೂರನೇ ಸಾಲು ಬಿಟ್ಟು ಬೇಗ ಚೆಕ್ ಕೊಡಬೇಕೆಂಬ ಚಪಲ ಇದೆಯಲ್ಲ, ಅದು ಬಹಳ ಜನರನ್ನು ತಿಂದಿದೆ.

ಹಿರಿಯರು ಮೂರನೇ ಸಾಲು ಬಿಡಲಿಲ್ಲ. ಡ್ರಾ ಕೇಳಿದರು, ಹುಡುಗಿ ತಲೆಯಾಡಿಸಿ ಬೇಡವೆಂದಳು. ರಾಜನನ್ನು ಎಡಕ್ಕೆ ತಂದು ನೋಡಿದಳು, ಬಲಕ್ಕೆ ತಂದು ನೋಡಿದಳು. ಕೊನೆಗೆ ಕಾಲಾಳು ನೂಕಿದಳು. ಹಿರಿಯರ ಕೈ ಆಗಲೇ ಆನೆಯ ಮೇಲಿತ್ತು. ಅದನ್ನು ಹಲಗೆಯುದ್ದಕ್ಕೂ ಎಳೆದು ತುದಿಯ ಮನೆಯಲ್ಲಿಟ್ಟು ಗಡಿಯಾರ ಒತ್ತಿದರು. ಮುಂದೆ ಚೆಕ್, ಮತ್ತೆ ಚೆಕ್, ಮತ್ತೆ ಚೆಕ್. ಹುಡುಗಿ ತಾನಾಗಿಯೇ ಕೈ ಚಾಚಿದಳು.

ಈಗ ಲೆಕ್ಕ ನೋಡಿ. ಇನ್ನೂರು ಅಂಕ ಹೆಚ್ಚಿರುವವರಿಂದ ಫಿಡೆ ನಿರೀಕ್ಷಿಸುವುದು ಆಟಕ್ಕೆ 0.76 ಅಂಕ. ಹಿರಿಯರಿಗೆ ಸಿಕ್ಕಿದ್ದು ಅರ್ಧ. ಕೊರತೆ 0.26, ಅವರ ಗುಣಕ 20. ಅಂದರೆ ರೇಟಿಂಗಿನಲ್ಲಿ ಐದು ಅಂಕ ಖೋತಾ. ಹದಿನೆಂಟರ ಒಳಗಿನವರ ಗುಣಕ 40 ಆದ್ದರಿಂದ ಹುಡುಗಿಗೆ ಹತ್ತು ಅಂಕ ಲಾಭ. ಅವರ 1700 ಕೂಡ ಕಷ್ಟಪಟ್ಟು ಗಳಿಸಿದ್ದೇನಲ್ಲ. 2024ರ ಮಾರ್ಚಿನಲ್ಲಿ ಫಿಡೆ 2000ದ ಕೆಳಗಿನವರ ರೇಟಿಂಗನ್ನೆಲ್ಲ ಒಮ್ಮೆಗೇ ಏರಿಸಿದಾಗ 1500 ಇದ್ದವರು ಬೆಳಗಾಗುವುದರಲ್ಲಿ 1700 ಆಗಿದ್ದರು. ಹಾಗೆ ಬಂದದ್ದು ಹೀಗೆ ಮಕ್ಕಳ ಪಾಲಾಗುತ್ತಿದೆ. ಆದರೆ ಐದು ಅಂಕ ಕಳೆದುಕೊಂಡ ಆ ಮನುಷ್ಯ ಸಹಿ ಹಾಕಿ ಎದ್ದಾಗ ಅವರ ಮುಖದಲ್ಲಿದ್ದ ಕಳೆ ನೋಡಬೇಕಿತ್ತು. ಬಾಗಿಲ ಬಳಿ ಯಾರೋ ಅವರ ಕೈಗೆ ಕರ್ಜಿಕಾಯಿ ಇಟ್ಟರು. ಹುಡುಗಿಯ ಅಜ್ಜಿ.

ಇದಕ್ಕೇ ನಾನು ಒಂದೇ ದಿನದೊಳಗೆ ಮುಗಿಯುವ ರ‍್ಯಾಪಿಡ್ ಟೂರ್ನಿಗಳ ಪಕ್ಷ ವಹಿಸದೇ ಇರುವುದು. ಭಾನುವಾರ ಬೆಳಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆ ಸೇರಬಹುದು, ಸಂಸಾರಕ್ಕೂ ಕಿರಿಕಿರಿಯಿಲ್ಲ, ಸರಿ. ಆದರೆ ಹದಿನೈದು ನಿಮಿಷದ ಆಟದಲ್ಲಿ ಫಿಲಿಡೋರನ ಮೂರನೇ ಸಾಲು ನೆನಪಾಗುವ ಮೊದಲೇ ಬಾವುಟ ಬಿದ್ದಿರುತ್ತದೆ. ಚೆಸ್ಸಿನ ಒಳ್ಳೆಯ ಭಾಗವೆಲ್ಲ ಮೂರನೇ ಗಂಟೆಯ ನಂತರ ಸಿಗುತ್ತದೆ ಎಂಬುದು ನನ್ನ ನಂಬಿಕೆ. ನಮ್ಮ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್, ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಆ ಪಟ್ಟ ಪಡೆದದ್ದು 2017ರಲ್ಲಿ, ರೈಲ್ವೆ ಉದ್ಯೋಗದಲ್ಲಿದ್ದುಕೊಂಡು. ಅವರ ಮಟ್ಟ ಬೇರೆ, ನಮ್ಮದು ಬೇರೆ. ಆದರೂ ಕೆಲಸದಲ್ಲಿರುವವರಿಗೆ ದೀರ್ಘ ಆಟ ಆಗಿಬರುವುದಿಲ್ಲ ಎನ್ನುವವರ ಬಾಯಿ ಮುಚ್ಚಿಸಲು ನಾನು ಅವರ ಹೆಸರು ಹೇಳುತ್ತೇನೆ.

ಹಬ್ಬದ ದಿನಕ್ಕೆ ‘ಬೈ’ ತೆಗೆದುಕೊಳ್ಳುವ ಬಗ್ಗೆ ಓದುಗರು ಕೇಳುತ್ತಿರುತ್ತಾರೆ. ಕೆಲವು ಟೂರ್ನಿಗಳಲ್ಲಿ ಮೊದಲೇ ತಿಳಿಸಿದರೆ ಒಂದು ರೌಂಡ್ ಆಡದೆಯೇ ಅರ್ಧ ಅಂಕ ಕೊಡುತ್ತಾರೆ, ಕೊನೆಯ ರೌಂಡುಗಳಿಗೆ ಕೊಡುವುದಿಲ್ಲ. ಲಕ್ಷ್ಮೀ ಪೂಜೆಗೆ ಬಸ್ಸಿನಲ್ಲಿ ಮನೆಗೆ ಓಡಿ, ಬೆಳಗಿನ ಬಸ್ಸಿಗೆ ಮರಳುವವರಿದ್ದಾರೆ. ನನಗೆ ಇದು ಹಿಡಿಸದು. ಪೂಜೆಯಲ್ಲಿ ಕೂತವನ ತಲೆಯಲ್ಲಿ ನಾಳೆಯ ಎದುರಾಳಿಯ ಸಿಸಿಲಿಯನ್ ಓಡುತ್ತಿರುತ್ತದೆ, ಮರುದಿನ ಬೋರ್ಡಿನಲ್ಲಿ ನಿದ್ದೆ. ಹೋದರೆ ಪೂರ್ತಿ ಹೋಗಬೇಕು, ಇಲ್ಲವೇ ಆ ವರ್ಷ ಬಿಡಬೇಕು. ಬೈ ಇರುವುದು ಜ್ವರ ಬಂದವರಿಗೆ. ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ, ಅವಳ ವಾದವೂ ಗಟ್ಟಿಯಾಗಿಯೇ ಇದೆ. ಆದರೆ ಅಂಕಣ ನನ್ನದು.

ಈ ಸಲ ದೀಪಾವಳಿಗೆ ಮೊದಲ ಬಾರಿ ಹೊರಡುವವರಿಗೆ ಎರಡು ಮಾತು. ಲಾಡ್ಜಿನಲ್ಲಿ ಬೀದಿ ಕಡೆಯ ಕೋಣೆ ಕೊಟ್ಟರೆ ಒಪ್ಪಬೇಡಿ, ರಾತ್ರಿ ಹನ್ನೆರಡರ ಮೇಲೂ ಆಟಂ ಬಾಂಬ್ ಸಿಡಿಯುತ್ತದೆ. ಮನೆಗೆ ವಿಡಿಯೊ ಕಾಲ್ ಮಾಡುವುದಾದರೆ ಮರುದಿನದ ಪೇರಿಂಗ್ ಬರುವ ಮೊದಲೇ ಮಾಡಿ. ಪೇರಿಂಗ್ ಬಂದ ಮೇಲೆ ಮಾಡಿದರೆ ಹೂಕುಂಡ ತೋರಿಸುತ್ತಿರುವ ಮಗಳಿಗೆ ನೀವು ಬೇರೆಲ್ಲೋ ನೋಡುತ್ತಿರುವುದು ಗೊತ್ತಾಗುತ್ತದೆ. ಇನ್ನು ಕೊನೆಯ ದಿನದ ಬಸ್ಸು. ಹಬ್ಬ ಮುಗಿಸಿ ಬೆಂಗಳೂರಿಗೆ ಮರಳುವವರ ನೂಕುನುಗ್ಗಲಿಗೆ ಹೆದರಿ ಎಲ್ಲರೂ ಸಂಜೆ ಐದರ ಟಿಕೆಟ್ ಮೊದಲೇ ಮಾಡಿಸಿಬಿಡುತ್ತಾರೆ. ಒಂಬತ್ತನೇ ರೌಂಡಿನಲ್ಲಿ ಗೆಲ್ಲುವ ಸ್ಥಿತಿಯಲ್ಲಿದ್ದು, ಗೋಡೆ ಗಡಿಯಾರ ನೋಡಿ ಡ್ರಾಗೆ ಕೈ ಕೊಟ್ಟು, ಬೂಟಿನ ಲೇಸೂ ಕಟ್ಟದೆ ಆಟೊ ಹಿಡಿದವರನ್ನು ನಾನು ಬಲ್ಲೆ. ಟಿಕೆಟ್ ರಾತ್ರಿ ಹತ್ತರದ್ದು ಮಾಡಿಸಿ.